ಮಡುವಿನ ಹಾವುಮೀನು

ಬ್ರಿಟಿಷರ ಆ ಕಾಲದಲ್ಲಿ ಯೆರವಡಾದ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಇಳಿದರೆ ಹೊಳೆ. ಬೇಸಿಗೆಯಲ್ಲೂ ತಳದ ಕಲ್ಲು ಕಾಣುವಷ್ಟು ತಿಳಿನೀರು. ಅದೇ ಹೊಳೆ, ಇಂದಿನ ಮುಳಾ-ಮುಠಾ ನೋಡಿದವರು ನಂಬಲಿಕ್ಕಿಲ್ಲ. ಅಪ್ಪ ಧಾರವಾಡದಿಂದ ಬಂದು ದಂಡಿನ ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ಒಂಬತ್ತು ವರ್ಷದ ಹುಡುಗಿ.

ಹೊಳೆಯಲ್ಲಿ ಬಲೆ ಬೀಸುತ್ತಿದ್ದ ತಾನೂಬಾಯಿ ಬೆಳಗಾವಿ ಕಡೆಯವಳು, ಕನ್ನಡ ಬಲ್ಲವಳು. ನಾನು ಕದ್ದು ಒಯ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಕಲ್ಲಿನಡಿಯ ಏಡಿಗಳನ್ನೂ ಹೊಟ್ಟೆಗೆ ಮೊಟ್ಟೆ ಅಂಟಿಸಿಕೊಂಡ ಸೀಗಡಿಗಳನ್ನೂ ತೋರಿಸುತ್ತಿದ್ದಳು. "ಆಕಿ ಮೈಯೆಲ್ಲಾ ಮೀನದ ನಾತ, ಹತ್ರ ಹೋಗಬ್ಯಾಡ" ಎಂದು ಅವ್ವ ಬೈಯುತ್ತಿದ್ದಳು.

ಆ ವೈಶಾಖದಲ್ಲಿ ತಾನೂಬಾಯಿ ನನ್ನನ್ನು ಬಂಡೆಗಳ ನಡುವಿನ ಮಡುವಿಗೆ ಕರೆದೊಯ್ದಳು. ಪೊಟರೆಯಿಂದ ಒಂದು ಹಾವುಮೀನು ತಲೆ ಹೊರಹಾಕಿತ್ತು. ನನ್ನ ತೋಳಿಗಿಂತ ದಪ್ಪ. ಅವಳು ಬಲೆ ಬೀಸಲಿಲ್ಲ.

"ಇದನ್ನ ಯಾಕ ಹಿಡಿಯಾಂಗಿಲ್ಲ?" ಎಂದೆ.

"ಹೊಳಿ ಸಮುದ್ರ ಕೂಡತೈತಲ್ಲಾ, ಅಲ್ಲಿಂದ ದಾರದಷ್ಟು ಮರಿ ಇದ್ದಾಗ ಬಂದಿರತೈತಂತ, ನಮ್ಮಜ್ಜ ಹೇಳತಿದ್ದ. ಮಳಿ ಬಂದು ಹೊಳಿ ತುಂಬಿದ್ರ ಮರಿ ಹಾಕಾಕ ತಿರುಗಿ ಹೋಗತೈತಿ. ತವರಿಗೆ ಹೊಂಟ ಬಸರೀನ ಯಾರರ ಹಿಡೀತಾರೇನು? ನೀ ಯಾರ ಮುಂದೂ ಹೇಳಬ್ಯಾಡ ಮತ್ತ."

ನಾನು ಹೇಳಿಬಿಟ್ಟೆ. ಕಲ್ಲಿನ ಖಣಿಯ ಗುತ್ತಿಗೆದಾರ ಬಾಪೂರಾವ ಒಂದು ಭಾನುವಾರ ನಮ್ಮ ಮನೆಗೆ ಚಹಕ್ಕೆ ಬಂದಿದ್ದ. "ನಿಮ್ಮ ಹೊಳ್ಯಾಗ ಏನದರಿ, ಬರೇ ಕಪ್ಪಿ!" ಎಂದು ಅವನು ನಕ್ಕಾಗ ನನಗೆ ತಡೆಯಲಾಗಲಿಲ್ಲ. ಮೀನಿನ ಉದ್ದ, ಮಡುವಿನ ಗುರುತು, ಎಲ್ಲವನ್ನೂ ಒದರಿದೆ.

ಮರುವಾರ ಅವನು ಇಬ್ಬರು ಗೆಳೆಯರೊಡನೆ ಖಣಿಯ ಸಿಡಿಮದ್ದಿನ ಪೊಟ್ಟಣ ಹಿಡಿದು ಬಂದ. ಅಪ್ಪನೂ ಹೊರಟರು. ದಾರಿ ತೋರಿಸುತ್ತ ಮುಂದೆ ನಡೆದವಳು ನಾನೇ. ಮೀನು ಹಿಡಿಯುತ್ತಾರೆಂದಷ್ಟೇ ತಿಳಿದಿದ್ದೆ. ಆ ಪೊಟ್ಟಣ ಏನೆಂದು ತಿಳಿದಿರಲಿಲ್ಲ.

ಬಾಪೂರಾವ ಅದಕ್ಕೆ ಬೆಂಕಿ ತಾಗಿಸಿ ಮಡುವಿಗೆ ಎಸೆದ. ಢಮ್ಮೆಂದಿತು. ಕೆಸರು ಇಳಿಯುತ್ತಿದ್ದಂತೆ ನೀರಿನ ತುಂಬ ಬಿಳಿ ಹೊಟ್ಟೆಗಳು ತೇಲಿದವು. ಉಗುರಿನಷ್ಟು ಮರಿಗಳು, ಚಿಪ್ಪು ಸೀಳಿದ ಆಮೆ, ಬಂಡೆಗೆ ಮೆತ್ತಿದ ಮೊಟ್ಟೆಗಳ ಲೋಳೆ. ಅವರು ನಾಲ್ಕು ದೊಡ್ಡ ಮೀನು ಆರಿಸಿಕೊಂಡು ಉಳಿದದ್ದನ್ನು ಕಾಲಿನಿಂದ ಸರಿಸಿದರು. ಬಾಪೂರಾವ ಹೊಟ್ಟೆಯೊಡೆದ ಹಾವುಮೀನನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಕುಣಿದ. ಅವನ ಬಿಳಿ ಅಂಗಿಯ ಮೇಲೆ ಹಳದಿ ರಸ ಸೋರುತ್ತಿತ್ತು. ಅಪ್ಪ ಚಪ್ಪಾಳೆ ತಟ್ಟಿ ನಕ್ಕರು. ಕಚೇರಿಯ ಮೇಲಿನವರೆದುರು ಅವರು ನಗುತ್ತಿದ್ದ ನಗೆ ಅದು. ಅಂದು ಅದನ್ನು ಕಂಡು ನನಗೆ ಹೇಸಿಕೆಯಾಯಿತು.

ಸದ್ದು ಕೇಳಿ ಓಡಿಬಂದ ತಾನೂಬಾಯಿ ನೀರು ನೋಡಿದಳು, ನನ್ನನ್ನು ನೋಡಿದಳು.

"ನೀ ಹೇಳಿದೇನು?"

ಹೌದೆಂದು ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಇನ್ನೂ ಮಿಸುಕುತ್ತಿದ್ದ ಮರಿಗಳನ್ನು ಒದ್ದೆ ಸೆರಗಿಗೆ ಹಾಕಿಕೊಂಡು ಮಡುವಿಗಿಂತ ಮೇಲಿನ ತಿಳಿನೀರಿಗೆ ಬಿಡತೊಡಗಿದಳು. ನಾನೂ ಬಗ್ಗಿದೆ. ಅವಳು ನನ್ನ ಕೈ ಸರಿಸಿದಳು.

ಎರಡು ದಿನಕ್ಕೆ ನಾತ ಮನೆಯೊಳಗೆ ಬಂತು. ತಟ್ಟೆಯ ತುಂಬ ನೊಣ. "ಈ ಮೀನಗಾರರ ಹೊಲಸಿನ್ಯಾಗ ಹೆಂಗ ಬಾಳೇವು ಮಾಡೂದ್ರಿ?" ಎಂದು ಅವ್ವ ಗೊಣಗಿದಳು. ಅಪ್ಪ ನೊಣ ಓಡಿಸುತ್ತ ಉಣ್ಣುತ್ತಿದ್ದರು.

"ಅವರಲ್ಲವ್ವಾ," ಎಂದೆ. "ಇದು ಅಪ್ಪ, ನಾನು, ಆ ಬಾಪೂರಾವ ಮಾಡಿದ್ದು."

ಅಪ್ಪ ಉಣ್ಣುವುದನ್ನು ಬಿಟ್ಟು ಎದ್ದು ಹೋದರು.

ಆಮೇಲೆ ಮಡುವಿನಲ್ಲಿ ಬಲೆಗೆ ಏನೂ ಬೀಳಲಿಲ್ಲ. ಮಳೆಗಾಲಕ್ಕೆ ಮೊದಲೇ ತಾನೂಬಾಯಿ ಗುಡಿಸಲು ಕಿತ್ತಳು. ಎಲ್ಲಿಗೆ ಹೋದಳೋ, ಕೇಳುವ ಮುಖ ನನಗಿರಲಿಲ್ಲ.

ಈಗ ಆ ಜಾಗದಲ್ಲಿ ಕರಿಯ ರಾಡಿ, ಸಾಬೂನಿನ ನೊರೆ, ಅಂತರಗಂಗೆ. ಏಡಿಯಿಲ್ಲ, ಆಮೆಯಿಲ್ಲ, ಮೊಮ್ಮಕ್ಕಳು ಅದನ್ನು ನಾಲಾ, ಅಂದರೆ ಗಟಾರ, ಎನ್ನುತ್ತಾರೆ. ಸೇತುವೆ ದಾಟುವಾಗ ಜನ ಮೂಗು ಮುಚ್ಚಿಕೊಂಡು, ಯಾರು ಹೀಗೆ ಕೆಡಿಸಿದರೋ ಎಂದು ಶಪಿಸುತ್ತಾರೆ. ಆ ಶಾಪಕ್ಕೆ ನಾನು ದನಿಗೂಡಿಸಲಾರೆ.