ನೋಟ್‌ಬುಕ್ ಹಿಡಿದು ನಾಸಿಕ್ ಸುತ್ತಿದ್ದು

ಪರವೂರಿನಲ್ಲಿ ಬರಿಗೈಯಲ್ಲಿ ನಡೆಯುವವನನ್ನು ನಾಯಿಗಳು ಮಾತ್ರ ವಿಚಾರಿಸುತ್ತವೆ. ಕೈಯಲ್ಲೊಂದು ನೋಟ್‌ಬುಕ್ ಇದ್ದರೆ ಮನುಷ್ಯರೂ ವಿಚಾರಿಸುತ್ತಾರೆ. ಬ್ಯಾಂಕಿನಲ್ಲಿರುವ ಮಗಳಿಗೆ ವರ್ಗವಾದಲ್ಲೆಲ್ಲ ಹೋಗಿ ವಾರ ಕಾಲ ಠಿಕಾಣಿ ಹೂಡುವುದೇ ನನ್ನ ನಿವೃತ್ತಿಯ ದೇಶಾಟನೆ. ಹೋದ ವರ್ಷ ಛತ್ರಪತಿ ಸಂಭಾಜಿನಗರದ ಹಳೆಯ ಕೋಟೆ ದರವಾಜೆಗಳ ಕೆಳಗೆಲ್ಲ ಬರಿಗೈಯಲ್ಲಿ ನಿಂತು ಬಂದೆ. ಪಕ್ಕಕ್ಕೆ ಸರಿಯೆಂದು ಗದರಿದ ಆಟೊದವನ ಹೊರತು ಆ ನಗರ ನನ್ನೊಡನೆ ಮಾತೇ ಆಡಲಿಲ್ಲ.

ಈ ವರ್ಷ ನಾಸಿಕ್. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕುಳಿತು ಪರರ ತಪ್ಪು ತಿದ್ದಿದವನಿಗೆ ನೆನಪಿನ ಮೇಲೆ ನಂಬಿಕೆ ಹೋಗಿರುತ್ತದೆ. ಆದ್ದರಿಂದ ಕಂಡದ್ದನ್ನು ನಿಂತಲ್ಲೇ ಬರೆದುಕೊಳ್ಳುತ್ತ ನಡೆದೆ. ಏನು ಉಪಚಾರ! ಟಯರಿನಂಗಡಿಯವನು ಸ್ಟೂಲು ಹಾಕಿದ. ನಿಫಾಡ್ ಕಡೆಯ ದ್ರಾಕ್ಷಿಯವನು ಬೇಡವೆಂದರೂ ಒಂದು ಗೊಂಚಲು ಕೈಗಿಟ್ಟ. 'ನಾಸಿಕದವರು ಸ್ನೇಹಶೀಲರು' ಎಂದು ಬರೆದು ಅಡಿಗೆರೆ ಎಳೆದೆ. ಅವರ ಗೋಡೆಗಳ ಮೇಲೆ ರಸ್ತೆ ಅಗಲಿಸಲು ಬಳಿದಿದ್ದ ಕೆಂಪು ಗುರುತುಗಳನ್ನೂ ಬರೆದುಕೊಂಡೆ. ಎರಡಕ್ಕೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ನಿವೃತ್ತಿಯ ನಂತರ ಉಳಿದಿರಲಿಲ್ಲ.

ರಸ್ತೆಯ ಕೊನೆಯಲ್ಲಿ, ಏಳುತ್ತಿದ್ದ ಕಟ್ಟಡವೊಂದರ ಬದಿಗೆ, ಕೆಲಸಗಾರರ ತಗಡಿನ ಶೆಡ್ಡು. ಅದರೊಳಗಿಂದ ಬಂದ ಹೆಂಗಸು ಕುರ್ಚಿ ಒರೆಸಿ, "ಬಸಾ ಸಾಹೇಬ" ಎಂದು ಮರಾಠಿಯಲ್ಲಿ ಕೂರಿಸಿ, ಚಹಾ ಕೊಟ್ಟಳು. ಆಮೇಲೆ ಗಂಡನತ್ತ ತಿರುಗಿ, ವಿಜಾಪುರದ ಕಡೆಯ ಅಚ್ಚ ಕನ್ನಡದಲ್ಲಿ, "ಬಿಸ್ಕೀಟೂ ಕೊಡ್ರಿ. ಬಾಯಾಗ ಏನರ ಬಿದ್ರ ನಮ್ಮ ಶೆಡ್ ಬರಿಯೂದು ಮರೀತಾನ" ಎಂದಳು.

"ಇಂವ ಬಿಸ್ಕೀಟೂ ತಿಂತಾನ, ಶೆಡ್ಡೂ ಬರೀತಾನ," ಎಂದ ಗಂಡ, ಬಿಸ್ಕತ್ತಿನ ಪೊಟ್ಟಣ ನನ್ನತ್ತ ಚಾಚಿ.

ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ನಾನು ಸಾಹೇಬನಲ್ಲ, ಊರು ನೋಡಲು ಬಂದವನೆಂದು ಕನ್ನಡದಲ್ಲಿ ಒಪ್ಪಿಕೊಂಡೆ. ಶಾಂತವ್ವ, ಅದು ಆಕೆಯ ಹೆಸರು, ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಊರು ನೋಡಾಕ ಬಂದವ್ರು ಹೊಳಿ ದಂಡಿ ಗಂಗಾ ಘಾಟಿಗೆ ಹೋಗ್ತಾರ್ರಿ. ನಮ್ಮ ತಗಡು ಏನ್ ನೋಡ್ತೀರಿ? ಇದ್ದದ್ದೊಂದ ಲೋಟ ಹಾಲು ನಿಮಗ ಹಾಕಿದ್ನಲ್ಲ."

ಕೆಡವಬೇಕಾದ ಶೆಡ್ಡುಗಳನ್ನು ಪಟ್ಟಿ ಮಾಡುವ ಪಾಲಿಕೆಯವನು ಅಂದೇ ಬರುವವನಿದ್ದನಂತೆ. ಪಟ್ಟಿಗೆ ಬಿದ್ದರೆ ಮರುದಿನವೇ ಜೆಸಿಬಿ. ಅವರ ಮಗಳ ನಾಲ್ಕನೆಯ ಇಯತ್ತೆಯ ಪರೀಕ್ಷೆ ಮುಗಿಯುವುದು ಶನಿವಾರ. ಅಲ್ಲಿಯವರೆಗೆ ಶೆಡ್ಡು ನಿಂತರೆ ಸಾಕೆಂಬುದು ಅವರ ಬೇಡಿಕೆ. ಅಷ್ಟು ಹೇಳುವುದರೊಳಗೆ ಆತ ಬಂದೇಬಿಟ್ಟ, ನನ್ನದಕ್ಕಿಂತ ದೊಡ್ಡ ನೋಟ್‌ಬುಕ್ಕಿನೊಂದಿಗೆ. ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದ ನರೆತಲೆಯನ್ನು ಕಂಡು ತಡೆದು, ಯಾವ ಪತ್ರಿಕೆಯವರೆಂದು ಹಿಂದಿಯಲ್ಲಿ ಕೇಳಿದ. ಪತ್ರಿಕೆಯ ಹೆಸರು ಹೇಳಿದೆ. ನಿವೃತ್ತನಾಗಿದ್ದೇನೆ ಎಂಬ ಉತ್ತರಾರ್ಧ ಬಿಸ್ಕತ್ತಿನ ಜೊತೆ ಒಳಗೇ ಇಳಿಯಿತು. ಆತ ಶಾಂತವ್ವನ ಮಾತನ್ನು ಕುಳಿತು ಕೇಳಿದ. ಸೋಮವಾರದವರೆಗೆ ಬಿಡುತ್ತೇನೆ, ಇದನ್ನೂ ಬರೆದುಕೊಳ್ಳಿ ಎಂದು ನನಗೆ ಹೇಳಿ ಹೊರಟ. ಅರ್ಧ ಸತ್ಯವನ್ನು ಅಚ್ಚಿಗೆ ಬಿಡದವನು ನಾನು. ಅಂದು ತಿದ್ದುಪಡಿ ಕೊಡಲಿಲ್ಲ.

ಹೊರಟಾಗ ಶಾಂತವ್ವ ಬೀದಿಯವರೆಗೂ ಬಂದಳು. ಈ ಸಲದ ಸ್ನೇಹದಲ್ಲಿ ಸಂಶಯವಿರಲಿಲ್ಲ.

"ಅಣ್ಣಾರ, ಸೋಮವಾರ ಮುಂಜಾನೆ ಹಿಂಗ ಬಂದು ಒಂದೀಟು ಕುಂದರ್ತೀರಿ?"

ನನ್ನ ರೈಲು ಭಾನುವಾರಕ್ಕಿತ್ತು. ನೋಡೋಣ ಎಂದೆ. ಆ ಊರಿನಲ್ಲಿ ನಾನಾಡಿದ ಏಕೈಕ ಸರಕಾರಿ ಮಾತು ಅದು.