ಎಂಟನೆಯವರ ಗೆರೆ

ಕಾಕಾನ ಖಾಕಿ ಪ್ಯಾಂಟಿನ ಬಲಗಾಲು ಸದಾ ಮೊಣಕಾಲಿನ ತನಕ ಮಡಚಿರುತ್ತಿತ್ತು. ಎಡಗಾಲು ಮಾತ್ರ ಹಿಮ್ಮಡಿಯವರೆಗೆ ನೆಟ್ಟಗೆ ಇಳಿದಿರುತ್ತಿತ್ತು. ಮಳೆಗಾಲವಾಗಲಿ, ಬೇಸಿಗೆಯಾಗಲಿ, ಅದರಲ್ಲಿ ಬದಲಾವಣೆಯಿಲ್ಲ. ಎಂಟನೇ ಕ್ಲಾಸಿಗೆ ಸೇರಿದ ಮೊದಲ ದಿನ ಅವರನ್ನು ಕಂಡು ನಾನೂ ಗೆಳತಿ ಸರೋಜಳೂ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಕ್ಕಿದ್ದೆವು. ಕಾಕಾ ಅದನ್ನು ನೋಡಿಯೇ ಬಿಟ್ಟರು.

“ನಗಿ, ನಗಿ. ಒಂದು ಕಾಲು ಹಳ್ಳಕ್ಕೆ, ಒಂದು ಕಾಲು ಹೆಡ್‌ಮಾಷ್ಟ್ರ ಆಫೀಸಿಗೆ. ಎರಡು ಕಡೆಯೂ ಮರ್ಯಾದೆ ಉಳೀಬೇಕಲ್ಲ ಮಾರಾಯ್ತಿ?”

ಅವರು ನಮ್ಮ ಹೈಸ್ಕೂಲಿನ ಜವಾನರು. ಕಳಸದ ಕಡೆಯ ಕಾಫಿ ಗುಡ್ಡಗಳ ನಡುವೆ, ಹೆಂಚಿನ ಮಾಡಿನ ಮೂರು ಕೋಣೆಗಳ ಶಾಲೆ ಅದು. ಹೆಡ್‌ಮಾಸ್ಟರಿಂದ ಹಿಡಿದು ಎಸ್ಟೇಟಿನ ಲೆಕ್ಕ ಬರೆಯುವ ರೈಟರವರೆಗೆ ಎಲ್ಲರಿಗೂ ಅವರು ಕಾಕಾ. ಜಗಲಿಯ ತೊಲೆಗೆ ತೂಗುಹಾಕಿದ್ದ ರೈಲು ಕಂಬಿಯ ತುಂಡೇ ಶಾಲೆಯ ಗಂಟೆ. ಅದನ್ನು ಬಾರಿಸುವಾಗ ಕಾಕಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪೀರಿಯಡ್ಡಿಗೆ ಒಂದು ಪೆಟ್ಟು, ಊಟಕ್ಕೆ ನಾಲ್ಕು. ಮಳೆ ರಜೆಗೆ ಮಾತ್ರ ಲೆಕ್ಕವೇ ಇಲ್ಲ, ಕೈ ಸೋಲುವ ತನಕ ಬಾರಿಸುತ್ತಿದ್ದರು. ಆ ಸದ್ದು ಕೇಳುವುದಕ್ಕಾಗಿಯೇ ನಾವು ಜೂನ್ ತಿಂಗಳಿಡೀ ಕಿವಿ ನಿಮಿರಿಸಿ ಕೂತಿದ್ದೆವು.

ಮಳೆ ರಜೆ ಕೊಡುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಶಾಲೆಯ ಕೆಳಗೆ ಹಳ್ಳ, ಅದಕ್ಕೊಂದು ಸೇತುವೆ. ಸೇತುವೆಯ ಕಂಬದ ಮೇಲೆ ಒಂದು ಕೆಂಪು ಗೆರೆ. ನೀರು ಆ ಗೆರೆ ಮುಟ್ಟಿತೆಂದರೆ, ಅರ್ಧ ಮೈಲಿ ಆಚೆ ಎಸ್ಟೇಟಿನ ಮಕ್ಕಳು ಮನೆಗೆ ಹೋಗುವ ಗದ್ದೆ ದಾರಿಯಲ್ಲಿ ನೀರು ಏರಿತೆಂದೇ ಅರ್ಥ. ದಿನವೂ ಹನ್ನೊಂದು ಗಂಟೆಗೆ ಕಾಕಾ ಹಳ್ಳಕ್ಕಿಳಿದು, ಬಲಗಾಲನ್ನು ನೀರಿಗಿಟ್ಟು, ಗೆರೆ ನೋಡಿ ಬಂದು ಹೆಡ್‌ಮಾಸ್ಟರಿಗೆ ಹೇಳಬೇಕು. ಶಾಲೆ ಶುರುವಾದ ವರ್ಷ ಹತ್ತನೇ ಕ್ಲಾಸಿನ ಉದ್ದನೆಯ ಹುಡುಗನೊಬ್ಬನನ್ನು ಗದ್ದೆ ದಾರಿಯಲ್ಲಿ ನಿಲ್ಲಿಸಿ, ನೀರು ಅವನ ಮೊಣಕಾಲಿಗೆ ಬಂದಾಗ ಇಲ್ಲಿ ಕಂಬಕ್ಕೆ ಹಾಕಿದ ಗೆರೆ ಅದಂತೆ.

ಎಂಟನೆಯವರೆಂದರೆ ಆ ಶಾಲೆಯಲ್ಲಿ ಯಾರಿಗೂ ಲೆಕ್ಕಕ್ಕಿಲ್ಲ. ಬಾಗಿಲ ಪಕ್ಕದ, ಮಳೆಯ ಇರಚಲು ಹೊಡೆಯುವ ಬೆಂಚುಗಳು ನಮಗೆ. ಕುಡಿಯುವ ನೀರಿನ ಸರದಿಯಲ್ಲಿ ನಾವೇ ಕೊನೆ. ಹತ್ತನೆಯವರು “ಏಯ್ ಎಂಟು” ಎಂದು ಕರೆದರೆ ಯಾರನ್ನು ಕರೆದರೆಂದು ಕೇಳದೆ ಓಡಬೇಕು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಓಡುವವರಲ್ಲಿ ನಾನೇ ಮೊದಲಿಗಳು.

ಜುಲೈ ತಿಂಗಳಲ್ಲಿ ಒಂದು ಸೋಮವಾರ ಗಣಿತದ ಟೆಸ್ಟ್ ಬಂತು. ಹಿಂದಿನ ದಿನ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ನಾನು, ಸರೋಜ, ಫಿಲೋಮಿನಾ ಮೂವರೂ ಹಳ್ಳದ ಬಳಿ ಸೇರಿದೆವು. ಫಿಲೋಮಿನಾಳ ಅಪ್ಪ ಎಸ್ಟೇಟಿನಲ್ಲಿ ಕಾಫಿ ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕುವವರು. ಅವಳು ಲಂಗದ ಮರೆಯಲ್ಲಿ ಬಣ್ಣದ ಡಬ್ಬಿ ತಂದಿದ್ದಳು. ಹಳೆಯ ಗೆರೆಗೆ ಕೆಸರು ಮೆತ್ತಿ, ಪಾಚಿ ಅಂಟಿಸಿ, ಒಂದು ಗೇಣು ಕೆಳಗೆ ಹೊಸ ಗೆರೆ ಎಳೆದೆವು. ಸೊಟ್ಟಗಾಯಿತು ಎಂದು ಸರೋಜ ಎರಡನೇ ಸಲವೂ ಎಳೆದಳು. ಟೆಸ್ಟಿಗೆ ಇಷ್ಟು ಶ್ರಮ ಹಾಕಿದ್ದರೆ ಮೂವರೂ ಪಾಸಾಗುತ್ತಿದ್ದೆವು.

ಸೋಮವಾರ ಕಾಕಾ ಹಳ್ಳಕ್ಕಿಳಿದವರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಕೊನೆಗೆ ಬಂದರು. ನಮ್ಮ ಕ್ಲಾಸಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೊದಲ ಬೆಂಚನ್ನು ನೋಡಿದರು. ಫಿಲೋಮಿನಾ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು, ಅವಳ ಉಗುರುಗಳಲ್ಲಿ ಇನ್ನೂ ಕೆಂಪಿತ್ತು. ಕಾಕಾ ಹೆಡ್‌ಮಾಸ್ಟರ ಆಫೀಸಿನ ಕಡೆ ಹೋದರು. ಸ್ವಲ್ಪ ಹೊತ್ತಿಗೆ ರಜೆಯ ಗಂಟೆ ಮೊಳಗಿತು.

ಎರಡು ವಾರಗಳಲ್ಲಿ ಐದು ರಜೆ! ಹತ್ತನೆಯವರು ಕೂಡ ಈ ವರ್ಷ ಮಳೆ ಭಾರಿ ಎಂದರು. ನಾವು ಮೂವರು ಒಳಗೊಳಗೇ ಹಿಗ್ಗಿ ಹೀರೇಕಾಯಿ ಆಗಿದ್ದೆವು. ರಜೆಯ ದಿನ ಮನೆಗೆ ಹೋಗುವಾಗ ಗದ್ದೆ ದಾರಿಯಲ್ಲಿ ಕಾಕಾ ನೀರಿನಲ್ಲಿ ನಿಂತಿರುವುದು ಕಾಣುತ್ತಿತ್ತು. “ಕಾಕಾ ಏಡಿ ಹಿಡೀತಿದ್ದಾರೆ ಕಣೇ” ಎಂದು ಸರೋಜ ತಮಾಷೆ ಮಾಡಿದ್ದಳು.

ಆಗಸ್ಟಿನಲ್ಲಿ ಹೆಡ್‌ಮಾಸ್ಟರಿಗೆ ಅನುಮಾನ ಬಂತು. ಒಂದು ದಿನ ಕಾಕಾನನ್ನು ಕರೆದುಕೊಂಡು ತಾವೇ ಕೊಡೆ ಹಿಡಿದು ಹಳ್ಳಕ್ಕಿಳಿದರು. ರಜೆ ಸಿಕ್ಕಿ ಸೇತುವೆಯ ಮೇಲೆ ಕಂಬಳಿಕೊಪ್ಪೆ ಹೊದ್ದು ಹೊರಟಿದ್ದ ನಮಗೆ ಕೆಳಗಿನ ಮಾತೆಲ್ಲ ಕೇಳಿಸಿತು. ಮಳೆಗೆ ಕೆಸರು ತೊಳೆದುಹೋಗಿ ಹಳೆಯ ಗೆರೆಯೂ ಎದ್ದು ಕಾಣುತ್ತಿತ್ತು.

“ಏನಯ್ಯಾ ಇದು? ಎರಡು ಗೆರೆ ಇದೆ. ಕೆಳಗಿನದು ಯಾರು ಹಾಕಿದ್ದು?”

ನಮ್ಮ ಕಾಲು ಅಲ್ಲೇ ನೆಟ್ಟುಹೋಯಿತು.

“ನಾನೇ ಸಾರ್” ಎಂದರು ಕಾಕಾ. “ಈ ಸಲ ಎಂಟನೇ ಕ್ಲಾಸಿಗೆ ಸಣ್ಣ ಸಣ್ಣ ಮಕ್ಕಳು ಬಂದಿದ್ದಾವೆ. ಹತ್ತನೆಯವ್ರ ಮೊಣಕಾಲಿನ ನೀರು ಇವಕ್ಕೆ ತೊಡೆಗೆ ಬರ್ತದೆ.”

“ನನ್ನನ್ನು ಒಂದು ಮಾತು ಕೇಳದೆ?”

“ತಪ್ಪಾಯ್ತು ಸಾರ್.”

ಮರುದಿನ ಕೆಳಗಿನ ಗೆರೆಗೆ ಸುಣ್ಣ ಬಿತ್ತು. ಕಾಕಾ ನಮ್ಮ ಪಕ್ಕದಲ್ಲಿ ಹಾದುಹೋಗುವಾಗ ಹೇಳಿದ್ದು ಇಷ್ಟೇ: “ಬಣ್ಣ ಹೋಗ್ಬೇಕಾದ್ರೆ ಸೀಮೆಎಣ್ಣೆಯಲ್ಲಿ ಕೈ ತೊಳೀಬೇಕು. ಅಷ್ಟೂ ಗೊತ್ತಿಲ್ವಾ ನಿಮಗೆ?”

ನಾವು ಬದುಕಿದೆವು ಎಂದುಕೊಂಡೆವು. ವಿಷಯ ಅಲ್ಲಿಗೆ ಮುಗಿದಿರಲಿಲ್ಲವೆಂದು ತಿಳಿದದ್ದು ಫೆಬ್ರುವರಿಯಲ್ಲಿ. ಕನ್ನಡ ಮೇಷ್ಟ್ರು ಯಾವುದೋ ಪಾಠದ ನಡುವೆ ನಿಟ್ಟುಸಿರು ಬಿಟ್ಟು, “ಪಾಪ, ನಮ್ಮ ಕಾಕಾ ಇಷ್ಟು ವರ್ಷವಾದರೂ ಟೆಂಪರರಿ. ಕೆಲಸ ಕಾಯಂ ಮಾಡುವ ಕಾಗದ ಈ ವರ್ಷವಾದರೂ ಮೇಲೆ ಹೋಗಬೇಕಿತ್ತು. ಆ ಗೆರೆಯ ಗಲಾಟೆಯಿಂದ ಹೆಡ್‌ಮಾಸ್ಟರ ಮೇಜಿನಲ್ಲೇ ಕೂತಿದೆ. ಮಾರ್ಚ್ ಕಳೆದರೆ ಮತ್ತೆ ಯಾವಾಗಲೋ” ಎಂದರು. ಅವತ್ತು ಮಧ್ಯಾಹ್ನ ಫಿಲೋಮಿನಾ ಬುತ್ತಿ ಬಿಚ್ಚಲಿಲ್ಲ.

ಮಾರ್ಚಿನಲ್ಲಿ ಹತ್ತನೆಯವರಿಗೆ ಬೀಳ್ಕೊಡುಗೆ. ಅವತ್ತು ಎಂಟನೆಯವರಲ್ಲಿ ಒಬ್ಬರು ಎದ್ದು ತಮ್ಮ ಮೊದಲ ವರ್ಷ ಹೇಗಿತ್ತೆಂದು ಹೇಳಬೇಕು. ವರ್ಷದಲ್ಲಿ ನಮಗೆ ಬಾಯಿ ಸಿಗುತ್ತಿದ್ದುದು ಅದೊಂದೇ ದಿನ. ಕನ್ನಡ ಮೇಷ್ಟ್ರು ನನ್ನನ್ನು ಆರಿಸಿ, ತಾವೇ ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದರು. ಹತ್ತು ದಿನದ ಹಿಂದೆ ಹೂಮಳೆ ಬಿದ್ದು ಸುತ್ತಲಿನ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಕಿಟಕಿಯಿಂದ ಕಾಫಿ ಹೂವಿನ ಪರಿಮಳ ಬರುತ್ತಿತ್ತು. ಕಾಕಾ ಹಿಂದೆ ಬಾಗಿಲ ಬಳಿ ಶರಬತ್ತಿನ ಕೊಳದಪ್ಪಲೆ ಕಾಯುತ್ತ ನಿಂತಿದ್ದರು, ಬಲಗಾಲು ಮಡಚಿಕೊಂಡೇ.

“ಈ ಜ್ಞಾನದೇಗುಲದಲ್ಲಿ…” ಎಂದು ಶುರುಮಾಡಿದೆ. ಮುಂದಿನದು ಮರೆಯಿತೋ, ಬೇಡವೆನಿಸಿತೋ ಇವತ್ತಿಗೂ ಗೊತ್ತಿಲ್ಲ. “ಈ ವರ್ಷ ನಾವು ಇರಚಲಲ್ಲಿ ಕೂತೆವು. ಹತ್ತನೆಯವರಿಗೆ ನೀರು ತಂದುಕೊಟ್ಟೆವು. ಹಳ್ಳದ ಕಂಬದ ಗೆರೆ ಇಳಿಸಿದೆವು. ಕಾಕಾ ಅಲ್ಲ ಸಾರ್, ನಾವು. ಗಣಿತದ ಟೆಸ್ಟ್ ಇತ್ತು” ಎಂದುಬಿಟ್ಟೆ.

ಹಿಂದಿನಿಂದ ಸರೋಜ ಎದ್ದು ನಿಂತಳು, ಫಿಲೋಮಿನಾಳೂ ನಿಂತಳು. ಹೆಡ್‌ಮಾಸ್ಟರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಬಣ್ಣ ಎಲ್ಲಿಂದ ಬಂತು?”

“ಕಾಫಿ ಮೂಟೆಯದು ಸಾರ್” ಎಂದಳು ಫಿಲೋಮಿನಾ, ಅಳುತ್ತ.

ಗಣಿತದ ಮೇಷ್ಟ್ರಿಗೇ ಮೊದಲು ನಗು ಬಂತು. ಆಮೇಲೆ ಇಡೀ ಕೋಣೆ ನಕ್ಕಿತು. ಹೆಡ್‌ಮಾಸ್ಟರ್ ಮಾತ್ರ ಬಾಗಿಲ ಕಡೆ ತಿರುಗಿದರು. “ಏನಯ್ಯಾ ಕಾಕಾ, ನನ್ನ ಹತ್ತಿರ ಸುಳ್ಳು ಹೇಳಿದೆಯಾ?”

“ಗೆರೆ ಹಾಕಿದ್ದು ನಾನು ಅಂದದ್ದು ಸುಳ್ಳೇ ಸಾರ್. ನೀರಿನ ಮಾತು ಸುಳ್ಳಲ್ಲ. ಈ ಮಕ್ಕಳು ಗೆರೆ ಇಳಿಸಿದ್ದು ಕಂಡ ದಿನ ಅಳಿಸುವಾ ಅಂತಲೇ ಇದ್ದೆ. ಎಂತಕ್ಕೂ ಇರಲಿ ಅಂತ ಗದ್ದೆ ದಾರಿಗೆ ಹೋಗಿ ನೋಡಿದೆ. ಇವ್ರ ಗೆರೆಗೆ ನೀರು ಬಂದ್ರೆ ಅಲ್ಲಿ ಎಂಟನೆಯವ್ರ ಮೊಣಕಾಲಿಗೆ ಸರಿಯಾಗಿ ಬರ್ತದೆ. ತಪ್ಪಿದ್ದು ನಮ್ಮ ಹಳೇ ಗೆರೆ ಸಾರ್. ರಜೆ ಕೊಟ್ಟ ದಿನವೆಲ್ಲ ಅಲ್ಲೇ ನಿಂತು, ಎಲ್ಲ ಮಕ್ಕಳೂ ದಾಟಿದ ಮೇಲೇ ನಾನು ಬಂದದ್ದು.”

ಏಡಿ ಹಿಡಿಯುತ್ತಿದ್ದಾರೆಂದು ನಾವು ನಕ್ಕಿದ್ದು ನೆನಪಾಗಿ ನನಗೆ ಅಳು ಬಂತು. ಮೂವರಿಗೂ ತಲಾ ಎರಡೇಟು ಬಿತ್ತು, ಅದು ನ್ಯಾಯವೇ. ಆಮೇಲೆ ಹೆಡ್‌ಮಾಸ್ಟರ್ ನಮ್ಮಿಂದಲೇ ಸುಣ್ಣ ಕೆರೆಸಿ, ಅದೇ ಜಾಗದಲ್ಲಿ ನೆಟ್ಟಗೆ ಗೆರೆ ಹಾಕಿಸಿದರು. ಜೂನ್ ಬಂದಾಗ ನೀರು ಕೆಳಗಿನ ಗೆರೆ ಮುಟ್ಟಿದರೆ ಎಂಟನೆಯವರಿಗೆ ರಜೆ, ಮೇಲಿನದು ಮುಟ್ಟಿದರೆ ಎಲ್ಲರಿಗೂ ರಜೆ ಎಂದಾಯಿತು. ಅಷ್ಟರಲ್ಲಿ ನಾವು ಒಂಬತ್ತನೆಯವರಾಗಿದ್ದೆವು! ನಾವೇ ಎಳೆದ ಗೆರೆಯಿಂದ ರಜೆ ಪಡೆದು ಓಡುವ ಹೊಸ ಮಕ್ಕಳನ್ನು ಕಿಟಕಿಯಿಂದ ನೋಡುತ್ತ ಹೊಟ್ಟೆ ಉರಿಸಿಕೊಂಡೆವು. ಕಾಕಾಗೆ ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇರಲಿಲ್ಲ. “ಹೇಗೆ? ಇನ್ನೊಂದು ಗೆರೆ ಎಳೀತೀರಾ?” ಎಂದು ಕಂಡಾಗಲೆಲ್ಲ ಕೇಳುತ್ತಿದ್ದರು.

ಅವರ ಕಾಗದ ಆ ಮಾರ್ಚಿನಲ್ಲೇ ಮೇಲೆ ಹೋಯಿತು. ಕೆಲಸ ಕಾಯಂ ಆದ ದಿನ ಇಡೀ ಶಾಲೆಗೆ ಬೆಲ್ಲದ ಮಿಠಾಯಿ ಹಂಚಿದರು, ಎಂಟನೆಯವರಿಂದ ಶುರುಮಾಡಿ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೂಡಿಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಟೀಚರಾಗಿದ್ದೆ. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವರ ಹೆಂಡತಿ ನನ್ನನ್ನು ಮೊದಲು ಕಂಡವರಲ್ಲ. ಬಾಗಿಲಲ್ಲಿ ನಿಂತು ಕಾಕಾನ ಶಾಲೆಯಲ್ಲಿ ಓದಿದವಳು ಎಂದ ನನ್ನನ್ನು ಒಂದು ಗಳಿಗೆ ನೋಡಿ, “ನೀವು ಬಣ್ಣದ ಹುಡ್ಗಿಯಲ್ವಾ? ಪ್ರತಿ ಮಳೆಗಾಲ ನಿಮ್ಮ ಕಥೆ ಹೇಳಿ ನಗಾಡ್ತಿದ್ರು” ಎಂದರು. ಅಂಥ ದಿನವೂ ಇಬ್ಬರಿಗೂ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡೆವು. ಹಗ್ಗದ ಮೇಲೆ ಕಾಕಾನ ಖಾಕಿ ಪ್ಯಾಂಟು ಒಗೆದು ಹಾಕಿತ್ತು. “ಎಷ್ಟು ಇಸ್ತ್ರಿ ಹಾಕಿದ್ರೂ ಈ ಮಡಿಕೆ ಹೋಗ್ಲೇ ಇಲ್ಲ ನೋಡಿ” ಎಂದು ಅವರು ಪ್ಯಾಂಟಿನ ಬಲಗಾಲನ್ನು ತೋರಿಸಿದರು.

ನಾನು ಕಲಿಸುವ ಶಾಲೆಯ ಕೆಳಗೂ ಒಂದು ಹಳ್ಳವಿದೆ. ಜೂನ್ ಮೊದಲ ವಾರವೇ ಎಂಟನೇ ಕ್ಲಾಸಿಗೆ ಹೋಗಿ, ಅಲ್ಲಿ ಎಲ್ಲರಿಗಿಂತ ಗಿಡ್ಡ ಮಗು ಯಾವುದೆಂದು ನೋಡಿಟ್ಟುಕೊಳ್ಳುತ್ತೇನೆ. ಮಳೆ ಜೋರಾದ ದಿನ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಆ ಮಗುವಿಗಿಂತ ಮೊದಲು ನಾನು ನೀರಿಗಿಳಿಯುತ್ತೇನೆ. ದಡದಲ್ಲಿ ನಿಂತ ಹುಡುಗಿಯರು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಾರೆ. ನಗಿ, ನಗಿ, ಎನ್ನುತ್ತೇನೆ.