ಮಂಗಳವನ್ನು ಮೊದಲು ಹಾಡಿಸಿದ್ದು

ಕ್ಯಾಸೆಟ್ ಕಾಲದಿಂದ ಮೊಬೈಲ್ ಕಾಲದವರೆಗೆ ಹೈದರಾಬಾದಿನ ಒಂದು ದೊಡ್ಡ ಆಡಿಯೊ ಕಂಪನಿಯಲ್ಲಿ ದುಡಿದವನು ನಾನು. ಯಾವ ಹಾಡು ಹೊರಗೆ ಬರಬೇಕು, ಯಾವುದು ಬೇಡ ಅಂತ ಹೇಳುವ ಅಧಿಕಾರ ನನ್ನ ಕೈಯಲ್ಲಿತ್ತು. ಅದನ್ನು ಬಿಟ್ಟು ಬೀದರಿಗೆ ಬಂದೆ. ಅಲ್ಲೇ ಚಿದ್ರಿಯಲ್ಲಿ ಒಂದು ಕೋಣೆ ಹಿಡಿದು, ನಮ್ಮ ಸೀಮೆಯ ಭಜನೆ ಪದಗಳಿಗೆಂದೇ ಸ್ವಂತದ ಸಣ್ಣ ಕಂಪನಿ ಶುರು ಮಾಡಿದೆ. ಬೇಸಿಗೆ ಮುಗಿಯುವುದರೊಳಗೆ ಒಂದಾದರೂ ಆಲ್ಬಂ ಆಗದಿದ್ದರೆ ಸುಮ್ಮನೆ ವಾಪಸ್ ಬಾ ಎಂದು ಹಳೆಯ ಮಾಲೀಕರು ನಕ್ಕು ಕಳಿಸಿದ್ದರು. ನಾನೂ ಹೂಂ ಎಂದು ಮಾತು ಕೊಟ್ಟು ಕೂತಿದ್ದೆ.

ಔರಾದ ಕಡೆಯ ಹಳ್ಳಿಯೊಂದರ ಭಜನಾ ಮೇಳ ಒಪ್ಪಿತು. ಕುರಿ, ಹೊಲ ನೋಡಿಕೊಳ್ಳುವ ಮಂದಿ. ಮಳೆ ಬಿದ್ದರೆ ಬಿತ್ತನೆ, ಮತ್ತೆ ಕೈಗೆ ಸಿಗುವವರಲ್ಲ. ಬೆಳಗಿನ ಬಸ್ಸಿಗೆ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಬಂದರು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗೆ ಕಂಬಳಿ ಬಡಿದಿದ್ದೆ. ಫ್ಯಾನೂ ಬಂದ್. ಮೇಳದ ಹಿರಿಯರನ್ನು ಕಾಕಾ ಎನ್ನುತ್ತಿದ್ದೆ. ಅವರು ಒಳಗೆ ಕಾಲಿಟ್ಟು ಸುತ್ತ ನೋಡಿದರು.

"ಸಾಹೇಬ್ರ, ಹಗೇವು ಇದ್ದಂಗದಲ್ರೀ. ಜ್ವಾಳ ಸುರಿಯೋದಷ್ಟ ಬಾಕಿ ಅದ."

ಕಾಕಾರ ಗಂಟಲು ತಾಜಾ ಇರುವಾಗಲೇ ಎಲ್ಲಕ್ಕಿಂತ ಚಂದದ ಪದ ಹಿಡಿದುಬಿಡಬೇಕೆಂದು ನನ್ನ ಲೆಕ್ಕ. ಕಂಪನಿಯಲ್ಲಿ ಕಲಿತ ಚಾಳಿ. ಆ ಪದ ಕೊನೆಗೆ ಆರತಿ ಎತ್ತಿ ಹಾಡುವ ಮಂಗಳ. ಮೊದಲು ಅದನ್ನೇ ಹಾಡಿರಿ ಎಂದೆ. ಮಂದಿ ಮುಖ ಮುಖ ನೋಡಿಕೊಂಡರು. ಕಾಕಾ ಎರಡು ಸಲ ಕೇಳಿದರು, ನಾನು ಎರಡು ಸಲವೂ ಹೌದೆಂದೆ. ಎಂಥ ಹಾಡು! ಮೈ ಜುಮ್ಮೆಂದಿತು. ಕಿವಿಯ ಹೆಡ್‌ಫೋನ್ ತೆಗೆದು ನೋಡುತ್ತೇನೆ, ತಾಳಗಳನ್ನು ಅರಿವೆಯಲ್ಲಿ ಸುತ್ತಿ ಎದ್ದು ನಿಂತಿದ್ದಾರೆ.

"ಮಂಗಳ ಆದ ಮ್ಯಾಲ ಮತ್ತ ಪದ ಹ್ಯಾಂಗ ಹಾಡೋದ್ರೀ? ಉಂಡು ಕೈ ತೊಳ್ಕೊಂಡಾಗ್ಯದ."

ಮಶೀನಿನಲ್ಲಿ ಹಿಂದಿನದು ಮುಂದೆ ಮಾಡಬಹುದು ಎಂದು ಅಂಗಲಾಚಿದೆ.

"ನಿಮ್ಮ ಮಶೀನಿಗಿ ಹಿಂದ ಮುಂದ ಇಲ್ಲ. ನಮ್ಮ ಪದಕ್ಕ ಅದರಿ."

ಭಾಲ್ಕಿಯಲ್ಲಿ ಆಯಿಯ ತೊಡೆಯ ಮೇಲೆ ಇದೇ ಪದ ಕೇಳಿ ಬೆಳೆದವನು ನಾನು. ಊರು ಬಿಟ್ಟವನಿಗೆ ದಾರಿ ನೆನಪಿರುತ್ತದೆ, ರಿವಾಜು ಮರೆತಿರುತ್ತದೆ ಎಂದು ಆಯಿ ಯಾರನ್ನೋ ಆಡಿಕೊಳ್ಳುತ್ತಿದ್ದಳು. ಆ ಯಾರೋ ನಾನೇ ಆದೆ.

ಬಸ್ ನಿಲ್ದಾಣದಲ್ಲಿ ನನ್ನ ಮುಖ ನೋಡಿ ಕಾಕಾಗೆ ಕನಿಕರ ಬಂತೇನೋ.

"ಸೋಮವಾರ ನಮ್ಮ ಗುಡಿಗಿ ಬರ್ರಿ, ಮೊದಲಿಂದ ಹಾಡ್ತೇವು. ಖರೆ, ಕೂತವ್ರು ಮಂಗಳ ತನಕ ಏಳಂಗಿಲ್ಲ. ಖಾಲಿ ಕೈಲೂ ಕೂಡಂಗಿಲ್ಲ."

ಹೋದೆ. ಇದ್ದ ಒಂದೇ ಮೈಕನ್ನು ನಡುವೆ ನಿಲ್ಲಿಸಿ, ಬಾಗಿಲ ಬಳಿ ಮಶೀನು ಚಾಲು ಮಾಡುವಷ್ಟರಲ್ಲಿ ನನ್ನನ್ನು ಮೈಕಿನ ಎದುರಿಗೇ ಎಳೆದು ಕೂರಿಸಿ ಕೈಗೆ ತಾಳ ಕೊಟ್ಟರು. ಎಡಕ್ಕೊಬ್ಬರ ಮೊಣಕಾಲು, ಬಲಕ್ಕೊಬ್ಬರ ಮೊಣಕಾಲು. ಬಾಗಿಲಿಗೆ ಬಂದ ಆಡು ಮಶೀನಿಗೆ ಕುತ್ತಿಗೆ ತಿಕ್ಕುತ್ತಿತ್ತು. ಆಯುಷ್ಯವೆಲ್ಲ ಗಾಜಿನಾಚೆಯಿಂದ ಕೈ ಎತ್ತಿ ಹಾಡು ನಿಲ್ಲಿಸಿದವನಿಗೆ ಈಗ ಎತ್ತಲು ಕೈ ಖಾಲಿ ಇರಲಿಲ್ಲ. ಕಣ್ಣೆಲ್ಲ ಆಡಿನ ಮೇಲಿದ್ದರೆ ತಾಳ ಎಲ್ಲಿ ಕೂಡುತ್ತದೆ? ಪದಕ್ಕೊಮ್ಮೆಯಾದರೂ ನನ್ನದು ಹಿಂದೆ ಬೀಳುತ್ತಿತ್ತು. ಕಾಕಾ ಓರೆಗಣ್ಣಿಂದ ನೋಡಿದರು, ಹಾಡು ನಿಲ್ಲಿಸಲಿಲ್ಲ.

ಚಿದ್ರಿಗೆ ಬಂದು ಕೇಳಿದರೆ ಪದಗಳು ಬಂಗಾರ. ನಡುನಡುವೆ ನನ್ನ ತಾಳ, ಅನ್ನದಲ್ಲಿ ಹರಳು ಸಿಕ್ಕಂತೆ. ಎಲ್ಲದಕ್ಕೂ ಒಂದೇ ಮೈಕು, ಆರಿಸಿ ತೆಗೆಯಲು ಬರುವುದಿಲ್ಲ. ಇನ್ನೊಮ್ಮೆ ಹಾಡುತ್ತೀರಾ ಎಂದು ಫೋನು ಮಾಡಿದೆ. ಅಲ್ಲಿ ಮೊದಲ ಮಳೆಯಾಗಿತ್ತು, ಕಾಕಾ ಹೊಲದಲ್ಲಿದ್ದರು.

"ಇರ್ಲಿ ಬಿಡ್ರಿ. ಕೂತವ್ರಾಗ ಒಬ್ಬಾವ ಹೊಸಬ ಇದ್ದ ಅಂತ ಮಂದಿ ತಿಳೀತಾರ."

ಬೇರೆ ದಾರಿ ಇರಲಿಲ್ಲ, ಹಾಗೇ ಹೊರಗೆ ಬಿಟ್ಟೆ. ವಾಪಸ್ ಹೋಗುವುದು ತಪ್ಪಿತು. ಆದರೆ ಔರಾದ ಬಸ್ಸಿನಲ್ಲಿ ಡ್ರೈವರು ಅದನ್ನು ಹಚ್ಚಿದ ದಿನ, ಮಂದಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರೆ, ನಾನೊಬ್ಬ ಕಿಟಕಿಗೆ ಮುಖ ಹಚ್ಚಿ, ನಾನಿಳಿಯುವ ಜನವಾಡ ಯಾವಾಗ ಬರುತ್ತದೋ ಎಂದು ನನ್ನದೇ ತಾಳ ಕೇಳುತ್ತ ಕೂತಿರುತ್ತೇನೆ.